ಟಿಪ್ಪು ಸುಲ್ತಾನನ ವಿದೇಶಾಂಗ ನೀತಿ (1792–1799)

ಮೂರನೆಯ ಮೈಸೂರು ಯುದ್ಧವನ್ನು ಮುಗಿಸಿದ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರ್, ಬಾರಾಮಹಲ್, ದಿಂಡಿಗಲ್ ಸೇರಿ ರಾಜ್ಯದ ಸುಮಾರು ಅರ್ಧಭಾಗವನ್ನು ಕಳೆದುಕೊಂಡು, 3 ಕೋಟಿ 30 ಲಕ್ಷ ರೂಪಾಯಿ ಯುದ್ಧದಂಡಕ್ಕೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಗಿ ಬಂದ ಟಿಪ್ಪು, ಆ ನೆಲವನ್ನು ಹೊರನಾಡುಗಳ ನೆರವಿನಿಂದ ಮರಳಿ ಪಡೆಯಲು ಹೂಡಿದ ರಾಜತಂತ್ರವಿದು. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ವಶವಾಗಿದ್ದ ಬೆಂಗಳೂರು ಕೋಟೆ ಒಪ್ಪಂದದ ಬಳಿಕ ಅವನಿಗೆ ಮರಳಿ ಸಿಕ್ಕಿತು. ಉಳಿದದ್ದಕ್ಕಾಗಿ ಅವನು ಆಫ್ಘನ್ ದೊರೆ ಜಮಾನ್ ಷಾನೊಂದಿಗೆ ಪತ್ರವ್ಯವಹಾರ ನಡೆಸಿ, ಫ್ರೆಂಚರ ವಶದಲ್ಲಿದ್ದ ಮಾರಿಷಸ್‌ಗೆ ಗುಟ್ಟಾಗಿ ದೂತರನ್ನು ಕಳುಹಿಸಿದನು. ಆದರೆ ಅಲ್ಲಿನ ಗವರ್ನರ್ ಮಲಾರ್ಟಿಕ್ 1798ರ ಜನವರಿಯಲ್ಲಿ ಸ್ವಯಂಸೇವಕರನ್ನು ಕರೆದು ಬಹಿರಂಗ ಘೋಷಣೆ ಹೊರಡಿಸಿದ್ದರಿಂದ ಗುಟ್ಟು ರಟ್ಟಾಯಿತು. ಮಂಗಳೂರಿಗೆ ಬಂದಿಳಿದವರು ನೂರರ ಆಸುಪಾಸಿನ ಮಂದಿ ಮಾತ್ರ. ಆಗಿನ ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಮಾತ್ರ ಯುದ್ಧ ಸಾರಲು ಬೇಕಾದ ನೆಪ ಪೂರ್ತಿಯಾಗಿ ದಕ್ಕಿತು. ಗುರಿ ನ್ಯಾಯವಾದದ್ದೇ ಆದರೂ ದೂರದ ಮಿತ್ರರನ್ನು ಅತಿಯಾಗಿ ನಂಬಿದ್ದು ಈ ನೀತಿಯ ದೊಡ್ಡ ದೌರ್ಬಲ್ಯ. ಆ ಯುದ್ಧದಲ್ಲಿ, 1799ರ ಮೇ 4ರಂದು, ಟಿಪ್ಪು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಲೇ ಮಡಿದನು.