ಕಲಬುರಗಿ–ಕಮಲಾಪುರ ಸೀಮೆಯ ಪ್ರವಾಸ: ಇತಿಹಾಸ

ಕಲಬುರಗಿ ನಗರ, ಅದರ ಮಗ್ಗುಲಿನ ಶರಣಸಿರಸಗಿಯಂಥ ಹಳ್ಳಿಗಳು, ಬೀದರ ದಾರಿಯ ಕಮಲಾಪುರ – ಈ ಸೀಮೆಯ ಜನ ಬಿಡುವಿಗೆ, ಹಬ್ಬಕ್ಕೆ, ಹರಕೆಗೆ ಮಾಡುತ್ತ ಬಂದ ತಿರುಗಾಟದ ಚರಿತ್ರೆ ಇದು. ಈ ಭಾಗದ ಪ್ರವಾಸದ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಕೋಟೆ, ಗುಮ್ಮಟ, ಮಸೀದಿಗಳ ಪಟ್ಟಿ ಕೊಟ್ಟು ನಿಂತಿದ್ದಾರೆ. ಹೊರಗಿನಿಂದ ಬಂದವರು ಏನು ನೋಡಿದರು ಎಂಬುದು ಅದರಿಂದ ತಿಳಿಯುತ್ತದೆ. ಇಲ್ಲಿಯ ಜನ ಎಲ್ಲಿಗೆ ಹೋದರು ಎಂಬುದು ತಿಳಿಯುವುದಿಲ್ಲ. ಎರಡನೆಯದೇ ಹಳೆಯದು, ದೊಡ್ಡದು.

ಆಳಂದದ ಜಾತ್ರೆ ಮತ್ತು ನಿಕಿತಿನ್

1347ರಲ್ಲಿ ಕಲಬುರಗಿ ಬಹಮನಿ ರಾಜ್ಯದ ರಾಜಧಾನಿಯಾಯಿತು. 15ನೇ ಶತಮಾನದ ಮೂರನೆಯ ದಶಕದಲ್ಲಿ ಅಹ್ಮದ್ ಶಾಹನ ಕಾಲಕ್ಕೆ ರಾಜಧಾನಿ ಬೀದರಕ್ಕೆ ಹೋಯಿತು. ಈ ಕಾಲದ ರಾಜಕೀಯ ಚರಿತ್ರೆ ಸಾಕಷ್ಟು ಬರೆದಾಗಿದೆ. ಪ್ರವಾಸದ ಚರಿತ್ರೆಗೆ ಮುಖ್ಯವಾದ ಸಾಕ್ಷಿ ಅಫನಾಸಿ ನಿಕಿತಿನ್ ಎಂಬ ರಷ್ಯನ್ ವರ್ತಕನ ಟಿಪ್ಪಣಿ. ತ್ವೇರ್ ಪಟ್ಟಣದ ಈತ ಹೊರ್ಮುಜಿನಿಂದ ಹಡಗು ಹತ್ತಿ ಕೊಂಕಣದ ಚೌಲ್ ಬಂದರಿನಲ್ಲಿ ಇಳಿದು ಬೀದರಕ್ಕೆ ಬಂದ. ಅವನು ಭಾರತದಲ್ಲಿದ್ದ ವರ್ಷಗಳ ಬಗ್ಗೆಯೇ ವಿದ್ವಾಂಸರಲ್ಲಿ ಎರಡು ಮತಗಳಿವೆ. ಹಳೆಯ ಲೆಕ್ಕ 1469ರಿಂದ 1472, ತಿದ್ದಿದ ಲೆಕ್ಕ 1471ರಿಂದ 1474.

ವರ್ಷಕ್ಕೊಮ್ಮೆ ಸಂತನೊಬ್ಬನ ನೆನಪಿನಲ್ಲಿ ನಡೆಯುವ, ನಾಡಿನ ಜನವೆಲ್ಲ ಸೇರುವ, ಹತ್ತು ದಿನದ ದೊಡ್ಡ ಜಾತ್ರೆಯನ್ನು ನಿಕಿತಿನ್ ವರ್ಣಿಸುತ್ತಾನೆ. ಅಲ್ಲಿ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ ಎನ್ನುತ್ತಾನೆ. ಸಂತನ ಹೆಸರು ಶೇಖ್ ಅಲಾವುದ್ದೀನ್, ಊರಿನ ಹೆಸರು ಅವನ ಬಾಯಲ್ಲಿ ‘ಅಲ್ಯಾಂದ್’. ಇದು ಲಾಡ್ಲೆ ಮಶಾಯಖ ಎಂದು ಕರೆಯುವ ಆ ಸಂತನ ದರ್ಗಾ ಇರುವ ಇಂದಿನ ಆಳಂದ. ಈ ಗುರುತನ್ನು ಕೆಲವರು ಅನುಮಾನಿಸಿದ್ದಕ್ಕೆ ಕಾರಣ ದೂರದ ಲೆಕ್ಕ: ಬೀದರದಿಂದ ಜಾತ್ರೆಗೆ 12 ‘ಕೋವು’ (ಅವನು ಬಳಸುವ ದೂರದ ಅಳತೆ) ಎಂದು ಅವನು ಬರೆದಿದ್ದಾನೆ. ಆದರೆ ಅದೇ ಟಿಪ್ಪಣಿಯಲ್ಲಿ ಬೀದರದಿಂದ ಕಲಬುರಗಿಗೆ 9 ಕೋವು ಎಂದೂ ಇದೆ. ಇಂದಿನ ದಾರಿಯಲ್ಲಿ ಬೀದರ–ಕಲಬುರಗಿ ಸುಮಾರು 110 ಕಿ.ಮೀ., ಅಲ್ಲಿಂದ ಆಳಂದ ಇನ್ನೊಂದು 40 ಕಿ.ಮೀ. ಅಂದರೆ ಕಲಬುರಗಿಯ ಮೇಲಿಂದ ಆಳಂದಕ್ಕೆ ಹೋದರೆ ಎರಡು ಲೆಕ್ಕವೂ ಒಂದಕ್ಕೊಂದು ಕೂಡುತ್ತವೆ. ಅನುಮಾನ ಉಳಿಸಿಕೊಳ್ಳಲು ಕಾರಣ ಕಾಣುವುದಿಲ್ಲ. ಆ ಊರಿನಲ್ಲಿ ರಾತ್ರಿ ಕೂಗುವ ‘ಗುಕುಕ್’ ಎಂಬ ಹಕ್ಕಿ ಯಾವ ಮನೆಯ ಮೇಲೆ ಕೂತರೆ ಆ ಮನೆಯಲ್ಲಿ ಸಾವು ಎಂದು ಜನ ಹೆದರುತ್ತಾರೆ ಎಂದೂ ಅವನು ಬರೆದಿಟ್ಟಿದ್ದಾನೆ. ಕನ್ನಡದ ‘ಗೂಗೆ’ ಬಲ್ಲವರ ಕಿವಿಗೆ ಆ ಹೆಸರು ಅಪರಿಚಿತವಲ್ಲ.

ಜನರ ನೆನಪಿನಲ್ಲಿ ಈ ಜಾತ್ರೆಗಿಂತ ಬಲವಾಗಿ ಉಳಿದಿರುವ ಎರಡು ಕೂಟಗಳು ನಗರದಲ್ಲೇ ಇವೆ. ಒಂದು, ಖ್ವಾಜಾ ಬಂದೇ ನವಾಜ್ ಗೇಸುದರಾಜರ (1321–1422) ಉರುಸು. ಜಿಲ್ಕಾದ್ ತಿಂಗಳ 15ರಿಂದ 17ರವರೆಗೆ ನಡೆಯುವ ಇದರ ಗಂಧದ ಮೆರವಣಿಗೆ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಹೊರಟು ದರ್ಗಾ ಸೇರುತ್ತದೆ. ಇನ್ನೊಂದು, ಜೇವರ್ಗಿ ಸೀಮೆಯ ಅರಳಗುಂಡಗಿಯಿಂದ ಬಂದು ದಾಸೋಹ ನಡೆಸಿದ ಶರಣಬಸವೇಶ್ವರರ (1746–1822) ಜಾತ್ರೆ, ಹೋಳಿ ಹುಣ್ಣಿಮೆಯ ಐದನೆಯ ದಿನದ ತೇರು. ಪ್ರವಾಸ ಕೈಪಿಡಿಗಳು ಇವನ್ನು ‘ಧಾರ್ಮಿಕ ಆಚರಣೆ’ ಎಂಬ ತಲೆಬರಹದಡಿ ಬೇರೆ ಇಡುತ್ತವೆ. ಬುತ್ತಿ ಕಟ್ಟಿಕೊಂಡು ಬಂದು, ಬೀಗರ ಮನೆಯಲ್ಲಿ ಉಳಿದು, ತೇರೆಳೆದು, ಬಳೆ–ಬೆಂಡು–ಬತ್ತಾಸು ಕೊಂಡು ಹೋಗುವವರಿಗೆ ಭಕ್ತಿ ಮತ್ತು ವಿಹಾರ ಬೇರೆಬೇರೆಯಾಗಿಲ್ಲ. ಆ ವಿಂಗಡಣೆ ಈ ಸೀಮೆಗೆ ಹೊಂದುವುದಿಲ್ಲ.

ಕಡಲ ದಾರಿ

ಕಡಲಿಲ್ಲದ ಈ ಸೀಮೆಯಿಂದ ಕಡಲ ಪಯಣ ಹೋದವರ ಚರಿತ್ರೆ ದೀರ್ಘವಾದದ್ದು. ಬಹಮನಿಯ ಎರಡನೆಯ ಸುಲ್ತಾನ ಒಂದನೆಯ ಮಹಮ್ಮದ್ ಶಾಹನ ತಾಯಿ ಕೊಂಕಣದ ಬಂದರಿನಿಂದ ಹಡಗು ಹತ್ತಿ ಮಕ್ಕಾ ಯಾತ್ರೆ ಮಾಡಿದಳೆಂದು ಚರಿತ್ರಕಾರ ಫಿರಿಷ್ತಾ ಬರೆದಿದ್ದಾನೆ. ಅವನು ಬರೆದದ್ದು ಘಟನೆಯಾಗಿ ಸುಮಾರು ಎರಡೂವರೆ ಶತಮಾನದ ಮೇಲೆ ಎಂಬುದನ್ನು ಮರೆಯಬಾರದು. ಆದರೂ ರಾಜಧಾನಿಯಿಂದ ಪಶ್ಚಿಮ ಕರಾವಳಿಗೆ, ಅಲ್ಲಿಂದ ಅರಬ್ಬಿ ಸಮುದ್ರಕ್ಕೆ ಎಂಬ ದಾರಿ ಅಂದಿನಿಂದ 20ನೇ ಶತಮಾನದ ಕೊನೆಯವರೆಗೂ ಬದಲಾಗಲಿಲ್ಲ. ರೈಲು ಬಂದ ಮೇಲೆ ಇಲ್ಲಿಯ ಹಜ್ ಯಾತ್ರಿಕರು ಮುಂಬೈಗೆ ಹೋಗಿ ಹಡಗು ಹತ್ತುತ್ತಿದ್ದರು. ಮುಂಬೈಯಿಂದ ಹೊರಡುತ್ತಿದ್ದ ಹಜ್ ಹಡಗುಗಳು 1995ಕ್ಕೆ ನಿಂತವು. ಈಗ ಈ ಭಾಗದ ಯಾತ್ರಿಕರು ಹೈದರಾಬಾದಿನಿಂದ ವಿಮಾನ ಏರುತ್ತಾರೆ.

ಎದುರು ದಿಕ್ಕಿನಿಂದ ಬಂದವರು ಬ್ರಿಟಿಷರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಅವರಿಗೆ ಮುಂಬೈಯ ಕಡಲ ದಾರಿ ಹತ್ತಿರವಾಯಿತು. 1871ರಲ್ಲಿ ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ರಾಯಚೂರಿಗೆ ಬಂದ ರೈಲು ಮದ್ರಾಸಿನ ಹಳಿಗೆ ಕೂಡಿತು. ಮುಂಬೈಯಲ್ಲಿ ಹಡಗಿಳಿದವರು ಮದ್ರಾಸಿಗೆ ಹೋಗುವ ನೇರ ದಾರಿಯಲ್ಲಿ ಕಲಬುರಗಿ ಒಂದು ನಿಲ್ದಾಣವಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ಹಳಿ ಬಿತ್ತು. ಅದಕ್ಕೂ ಮುಂಚೆ ಈ ಭಾಗವನ್ನು ಬಲ್ಲ ಆಂಗ್ಲ ಲೇಖಕ ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್. ಅವನ ಬಂಗಲೆ ಟೇಲರ್ ಮಂಜಿಲ್ ಈಗಲೂ ಸುರಪುರದ ಗುಡ್ಡದ ಮೇಲಿದೆ.

ಕಾರ್ಡೋಬಾ ಎಂಬ ಗೊಂದಲ

ರೈಲಿನ ಜೊತೆ ಬಂದ ಆಂಗ್ಲ ಬರಹಗಳಿಂದ ಒಂದು ಮಾತು ಹುಟ್ಟಿ ಇಂದಿಗೂ ಫಲಕಗಳಲ್ಲಿ, ಶಾಲಾ ಪ್ರವಾಸದ ವಿವರಣೆಗಳಲ್ಲಿ ಓಡಾಡುತ್ತಿದೆ: ಕಲಬುರಗಿ ಕೋಟೆಯ ಜಾಮಾ ಮಸೀದಿ ಸ್ಪೇನಿನ ಕಾರ್ಡೋಬಾ ಮಸೀದಿಯ ನಕಲು. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಈ ಕಟ್ಟಡದ ವಿಶೇಷವೆಂದರೆ ಇದಕ್ಕೆ ಬಯಲಂಗಳವಿಲ್ಲ. ಪೂರ್ತಿ ಮಾಡಿನಡಿಯೇ ಇದೆ. ಕಾರ್ಡೋಬಾದಲ್ಲಿ ಕಿತ್ತಳೆ ಮರಗಳ ದೊಡ್ಡ ಅಂಗಳವೇ ಇದೆ. ಹೋಲಿಕೆ ಕೊಡುವವರು ಮೆಚ್ಚುವ ಗುಣವೇ ಹೋಲಿಕೆಯನ್ನು ಮುರಿಯುತ್ತದೆ. ಮಸೀದಿಯ ಶಾಸನದಲ್ಲಿರುವ ಹೆಸರು ಕಜ್ವೀನಿನ ರಫೀ ಎಂಬವನದು, ವರ್ಷ 1367. ಕಜ್ವೀನ್ ಇರುವುದು ಇರಾನಿನಲ್ಲಿ, ಸ್ಪೇನಿನಲ್ಲಲ್ಲ.

ಕಟ್ಟಡ ಮೊದಲಿನಿಂದ ಮಸೀದಿಯೇ ಆಗಿತ್ತೇ ಎಂಬುದೂ ಈಗ ಚರ್ಚೆಯ ವಿಷಯ. ವಾಸ್ತು ಚರಿತ್ರಕಾರ್ತಿ ಹೆಲೆನ್ ಫಿಲೋನ್ ಇದನ್ನು ಫಿರೋಜ್ ಶಾಹನ (1397–1422) ಕಾಲದ ಸಾವಿರ ಕಂಬದ ದರ್ಬಾರು ಮಂಟಪವೆಂದು ಓದಿದ್ದಾರೆ. ಹಾಗಾದರೆ 1367 ಎಂಬ ವರ್ಷವೂ ಮತ್ತೆ ಪರಿಶೀಲನೆಗೆ ಬರುತ್ತದೆ. ಕೋಟೆಯ ಬಾರಾ ಗಜಿ ತೋಪಿನದೂ ಇಂಥದೇ ಕಥೆ. ಹೆಸರು ಹನ್ನೆರಡು ಗಜ; ಗಜಕ್ಕೆ ಮೂರು ಅಡಿ ಹಿಡಿದರೆ 36 ಅಡಿಯಾಗಬೇಕು. ಪತ್ರಿಕೆಗಳು ಕೊಟ್ಟಿರುವ ಅಳತೆ 29 ಅಡಿ. ಜಗತ್ತಿನಲ್ಲೇ ಉದ್ದನೆಯ ತೋಪು ಎಂಬ ಹೇಳಿಕೆ ಈ ಅಳತೆಯ ಮೇಲೆ ನಿಂತಿದೆ. 2014ರಲ್ಲಿ ದಖನ್ ಸುಲ್ತಾನರ ಸ್ಮಾರಕಗಳ ಜೊತೆ ಕಲಬುರಗಿಯ ಬಹಮನಿ ಸ್ಮಾರಕಗಳೂ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು.

ಕಮಲಾಪುರದ ಕಡೆ

ಕಮಲಾಪುರ ತಾಲ್ಲೂಕು ಕೇಂದ್ರವಾದದ್ದು ಈಚೆಗೆ, 2018ರಲ್ಲಿ. ಅದಕ್ಕೆ ಮುಂಚೆ ಕಲಬುರಗಿ ತಾಲ್ಲೂಕಿನಲ್ಲಿತ್ತು. ಹಳೆಯ ಬರಹಗಳಲ್ಲಿ ಕಮಲಾಪುರದ ತಾಣಗಳು ಬೇರೆ ತಲೆಬರಹದಡಿ ಸಿಗುವುದಕ್ಕೆ ಇದೇ ಕಾರಣ. ದಾರಿ ಬದಿಯ ಹೊಳಕುಂದಾ ಗ್ರಾಮದ ಬಹಮನಿ ಕಾಲದ ಗುಮ್ಮಟಗಳು ಇವುಗಳಲ್ಲಿ ಮುಖ್ಯ. ವಾಸ್ತು ಚರಿತ್ರಕಾರ್ತಿ ಎಲಿಜಬೆತ್ ಮೆರ್ಕ್‌ಲಿಂಗರ್ 1970ರ ದಶಕದಲ್ಲಿ ಇಲ್ಲಿಯ ಏಳು ಸಮಾಧಿಗಳ ಸಮೀಕ್ಷೆ ಪ್ರಕಟಿಸುವವರೆಗೆ ಇವುಗಳ ಬಗ್ಗೆ ವಿವರವಾದ ಬರಹ ವಿರಳವಾಗಿತ್ತು. ಕಲಬುರಗಿಯ ಹಫ್ತ್ ಗುಂಬಜ್ ಗುಮ್ಮಟಗಳನ್ನು ನೋಡಿದವರು ಬೀದರದ ಅಷ್ಟೂರಿನ ಗುಮ್ಮಟಗಳಿಗೆ ಹೋಗುವ ಮುನ್ನ ಇಲ್ಲಿ ಇಳಿದರೆ, ಆ ಶೈಲಿ ಒಂದು ರಾಜಧಾನಿಯಿಂದ ಇನ್ನೊಂದಕ್ಕೆ ನಡೆದು ಹೋದ ದಾರಿಯೇ ಕಣ್ಣೆದುರು ಬರುತ್ತದೆ.

ಕಮಲಾಪುರವನ್ನು ಹೆಚ್ಚಿನ ಪಯಣಿಗರು ಬಲ್ಲದ್ದು ಕೆಂಪು ಬಾಳೆಯಿಂದ. ಫಲಕ್ಕೆ ಬರಲು ಸುಮಾರು ಒಂದೂವರೆ ವರ್ಷ ಬೇಡುವ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಈ ಹಣ್ಣು ರಸ್ತೆ ಬದಿ ಗೊನೆಗೊನೆಯಾಗಿ ತೂಗುತ್ತದೆ. ದೂರದವರು ವಾಹನ ನಿಲ್ಲಿಸಿ ಮನೆಗೆ ಒಯ್ಯುತ್ತಾರೆ.

ಎಳ್ಳ ಅಮಾವಾಸ್ಯೆ

ಈ ಸೀಮೆಯ ಅತಿ ವ್ಯಾಪಕವಾದ ಒಂದು ದಿನದ ತಿರುಗಾಟ ಪ್ರವಾಸ ಕೈಪಿಡಿಗಳ ಕಣ್ಣಿಗೆ ಬಿದ್ದಿಲ್ಲ. ಡಿಸೆಂಬರ್–ಜನವರಿಯಲ್ಲಿ ಬರುವ ಎಳ್ಳ ಅಮಾವಾಸ್ಯೆಯಂದು ಕಲಬುರಗಿಯ ಬೀದಿಗಳು ಖಾಲಿಯಾಗುತ್ತವೆ. ಶರಣಸಿರಸಗಿಯಂಥ ಹಳ್ಳಿಗಳ ಹೊಲಗಳು ತುಂಬುತ್ತವೆ. ಹೊಲವಿದ್ದವರು ಇಲ್ಲದವರನ್ನು ಕರೆಯುತ್ತಾರೆ. ನಗರದ ನೌಕರರು, ಬಾಡಿಗೆಮನೆಯವರು, ಮಕ್ಕಳ ಗೆಳೆಯರು ಎಲ್ಲರೂ ಹೊರಡುತ್ತಾರೆ. ಮೊದಲು ಸವಾರಿ ಬಂಡಿ. ಈಗ ಟ್ರ್ಯಾಕ್ಟರು, ಟಂಟಂ, ಕಾರು.

ಹೊಲದಲ್ಲಿ ಬನ್ನಿ ಮರದ ಬುಡಕ್ಕೋ ಬೆಳೆಯ ನಡುವಿಗೋ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಬೆಳೆಯ ತುಂಬ ಚರಗವಾಗಿ ಚೆಲ್ಲಿ, ಆಮೇಲೆ ಊಟ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಎಳೆಯ ಕಡಲೆ–ಅವರೆ–ತೊಗರಿ ಕಾಳುಗಳನ್ನೂ ಸೊಪ್ಪುಗಳನ್ನೂ ಕೂಡಿಸಿದ ಭಜ್ಜಿ. ಬುತ್ತಿಯ ಒಂದೊಂದು ಬಗೆಯೂ ಆ ವಾರ ಹೊಲದಲ್ಲಿ ಏನಿದೆ ಎಂಬುದನ್ನು ಹೇಳುತ್ತದೆ. ಕಪ್ಪು ಮಣ್ಣಿನಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಿರುವ, ತೊಗರಿ ಕಾಯಿ ಕಟ್ಟಿರುವ ಹೊತ್ತು ಅದು. ಜೋಳ ಹಾಲು ತುಂಬಿದ ಮೇಲೆ ತೆನೆ ಸುಟ್ಟು ತಿನ್ನುವ ಸೀತನಿಗೆ ಮತ್ತೊಮ್ಮೆ ಕರೆ ಬರುತ್ತದೆ. ಟಿಕೆಟ್ಟಿಲ್ಲ, ಫಲಕವಿಲ್ಲ, ಲೆಕ್ಕವಿಲ್ಲ. ಹಾಗಾಗಿಯೇ ದಾಖಲೆಯಲ್ಲೂ ಇಲ್ಲ. ಈ ಸೀಮೆಯ ಪ್ರವಾಸವೆಂದರೆ ಏನು ಎಂದು ಕೇಳುವವರಿಗೆ ಮೊದಲು ತೋರಿಸಬೇಕಾದದ್ದು ಇದನ್ನೇ.

ಬಸ್ಸು, ಕ್ರೂಸರ್ ಮತ್ತು ಹೊಸ ಹಳಿ

ರೈಲನ್ನು ಪ್ರವಾಸದ ಚರಿತ್ರೆಯ ತಿರುವು ಎಂದು ಕರೆಯುವುದು ವಾಡಿಕೆ. ಆದರೆ ಅದು ಮುಂಬೈ–ಮದ್ರಾಸಿನ ನಡುವೆ ಹೋಗುವವರ ದಾರಿಯಾಗಿತ್ತು. ಹಳ್ಳಿಯಿಂದ ಹಳ್ಳಿಗೆ ಹೋಗುವವರ ಪಾಲಿಗೆ ತಿರುವು ಬಂದದ್ದು ಬಸ್ಸಿನಿಂದ. 1932ರಲ್ಲಿ ನಿಜಾಮ ಸರ್ಕಾರ 27 ಬಸ್ಸುಗಳಿಂದ ಸಾರಿಗೆ ಆರಂಭಿಸಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 2000ದಲ್ಲಿ ಕಲಬುರಗಿಯಲ್ಲೇ ಕೇಂದ್ರ ಕಚೇರಿಯುಳ್ಳ ಸಾರಿಗೆ ನಿಗಮ ಬಂತು. ಈಗಿನ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಅದೇ. ಭೀಮಾ–ಅಮರ್ಜಾ ಸಂಗಮದ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರ, ಘತ್ತರಗಿಯ ಭಾಗ್ಯವಂತಿ, ಸನ್ನತಿಯ ಚಂದ್ರಲಾಂಬೆ – ಇವೆಲ್ಲ ಹೋಗಿ ಬರುವ ಒಂದು ದಿನದ ಊರುಗಳಾದದ್ದು ಬಸ್ಸಿನಿಂದ.

ಸನ್ನತಿಯ ಕಥೆ ಸ್ವಲ್ಪ ಬೇರೆ. 1986ರಲ್ಲಿ ಅಲ್ಲಿಯ ಕಾಳಿ ಗುಡಿಯ ಮಾಡು ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯ ಅಗೆತದಲ್ಲಿ ಸ್ತೂಪವೂ, ‘ರಾಯೊ ಅಸೊಕೊ’ ಎಂಬ ಬರಹವಿರುವ ಶಿಲ್ಪಫಲಕವೂ ಹೊರಬಂದವು. ಹರಕೆಗೆ ಹೋಗುತ್ತಿದ್ದವರ ಕಾಲ ಕೆಳಗೇ ಎರಡು ಸಾವಿರ ವರ್ಷದ ಚರಿತ್ರೆ ಇತ್ತು. 2009ರ ಜನವರಿಯಲ್ಲಿ ಕಲಬುರಗಿಯ ಬುದ್ಧ ವಿಹಾರ ಉದ್ಘಾಟನೆಯಾದ ಮೇಲೆ ಬೌದ್ಧ ತಾಣಗಳನ್ನು ಕೂಡಿಸಿ ನೋಡುವವರಿಗೆ ನಗರದಲ್ಲೇ ಒಂದು ತಂಗುದಾಣ ದೊರೆಯಿತು.

ನೀರು–ಕಾಡಿನ ಆಸೆಗೆ ಚಿಂಚೋಳಿ. ಚಂದ್ರಂಪಳ್ಳಿ ಜಲಾಶಯದ ಸುತ್ತಲಿನ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ವಿಸ್ತಾರ ಸುಮಾರು 135 ಚದರ ಕಿ.ಮೀ. ಅಲ್ಲಿಯ ಎತ್ತಿಪೋತ ಜಲಪಾತವನ್ನು ಆಂಧ್ರದಲ್ಲಿ ನಾಗಾರ್ಜುನಸಾಗರದ ಬಳಿಯಿರುವ ಎತ್ತಿಪೋತಲ ಜಲಪಾತದೊಡನೆ ಬೆರೆಸಬಾರದು. ಹೆಸರು ಹತ್ತಿರ, ನೀರು ಬೇರೆ.

‘ಕ್ರೂಸರ್’ ಎಂದರೆ ಈ ಸೀಮೆಯಲ್ಲಿ ಹಡಗಲ್ಲ. ಪುಣೆಯ ಫೋರ್ಸ್ ಕಂಪನಿಯ, ಹತ್ತು–ಹನ್ನೆರಡು ಮಂದಿ ಹಿಡಿಸುವ ಗಾಡಿ ಅದು. “ಕ್ರೂಸರ್ ಮಾಡ್ಕೊಂಡು ಹೋಗೋದು” ಎಂದರೆ ಓಣಿಯವರೋ ಬೀಗರೋ ಬಾಡಿಗೆ ಹಂಚಿಕೊಂಡು ತುಳಜಾಪುರ, ಅಕ್ಕಲಕೋಟ, ಪಂಢರಪುರ ಸುತ್ತಿ ಬರುವುದು. ಸೀಗಿ ಹುಣ್ಣಿಮೆಗೆ ಆಳಂದದ ಮೇಲೆ ತುಳಜಾಪುರಕ್ಕೆ ನಡೆದೇ ಹೋಗುವ ಸಾವಿರಾರು ಜನರ ಹಿಂದೆಯೂ ಬುತ್ತಿ–ಹಾಸಿಗೆ ಹೊತ್ತ ಇಂಥ ಗಾಡಿಗಳಿರುತ್ತವೆ. ಹಡಗಿನ ವಿಹಾರವೂ ಈಗ ದೂರದ್ದಲ್ಲ: ಮುಂಬೈಯಿಂದ ಗೋವಾ, ಲಕ್ಷದ್ವೀಪಗಳಿಗೆ 2021ರಿಂದ ಕಾರ್ಡೇಲಿಯಾ ನೌಕೆ ಹೊರಡುತ್ತದೆ, ವಿದೇಶಿ ವಿಹಾರ ನೌಕೆಗಳು ನವಮಂಗಳೂರು ಬಂದರಿಗೆ ಬರುತ್ತವೆ.

2017ರ ಅಕ್ಟೋಬರ್ 29ರಂದು ಬೀದರ–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಕಮಲಾಪುರಕ್ಕೆ ಹಳಿ ಬಂತು. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿಯಲ್ಲಿ ವಿಮಾನ ನಿಲ್ದಾಣ, 2024ರ ಮಾರ್ಚ್ 12ರಂದು ಬೆಂಗಳೂರಿಗೆ ವಂದೇ ಭಾರತ್. ಇವು ದೂರವನ್ನು ಕಡಿಮೆ ಮಾಡಿದವು. ಯಾರು ಹೋಗಬಹುದು ಎಂಬುದನ್ನು ಬದಲಿಸಿದ್ದು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ. ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಅಂದಿನಿಂದ ದರವಿಲ್ಲ. ಹೊರರಾಜ್ಯದ ಬಸ್ಸಿಗೆ ಯೋಜನೆ ಅನ್ವಯಿಸುವುದಿಲ್ಲವಾದ್ದರಿಂದ ತುಳಜಾಪುರ ಈಗಲೂ ಕ್ರೂಸರಿನ ಊರು. ಗಾಣಗಾಪುರಕ್ಕೆ, ಘತ್ತರಗಿಗೆ, ತವರಿನ ಜಾತ್ರೆಗೆ ಹೊರಟ ಹೆಣ್ಣುಮಗಳ ಕೈಗೆ ಕಂಡಕ್ಟರು ಶೂನ್ಯ ಮೊತ್ತದ ಚೀಟಿ ಹರಿದು ಕೊಡುತ್ತಾನೆ. ಹತ್ತಿದ ಊರು, ಇಳಿಯುವ ಊರು, ತಾರೀಖು, ವೇಳೆ ಅದರ ಮೇಲೆ ಅಚ್ಚಾಗಿರುತ್ತವೆ.