ನಕ್ಷೆಗೆ ಮೊದಲಿನ ಕೆಲಸ

ಒಳಾಂಗಣ ವಿನ್ಯಾಸವೆಂದರೆ ಬಣ್ಣ, ಬೆಳಕು, ಪರದೆ, ಫಾಲ್ಸ್ ಸೀಲಿಂಗ್ ಎಂದು ಜನ ತಿಳಿದಿದ್ದರೆ ಅದು ಅವರ ತಪ್ಪಲ್ಲ. ಕಣ್ಣಿಗೆ ಬೀಳುವುದು ಅಷ್ಟೇ. ವೃತ್ತಿಯವರೇ ಹಾಗೆ ತಿಳಿಯತೊಡಗಿದಾಗ ಮಾತಾಡಬೇಕಾಗುತ್ತದೆ. ಗಿರಾಕಿಯ ಜೊತೆ ಎರಡನೇ ಭೇಟಿಗೇ ತ್ರೀಡಿ ಚಿತ್ರ ಇಡಬೇಕೆಂಬ ರೂಢಿ ಬೆಂಗಳೂರಿನಲ್ಲಿ ಬೇರೂರಿದೆ. ಚಿತ್ರ ಒಪ್ಪಿಗೆಯಾದ ಮೇಲೆ ಪ್ಲಾನನ್ನು ಅದಕ್ಕೆ ಹೊಂದಿಸುತ್ತಾರೆ. ಕಾಲೇಜುಗಳ ಜ್ಯೂರಿಯಲ್ಲಿ ಕೂತು “ಈ ಕೋಣೆ ಇಲ್ಲೇ ಯಾಕಮ್ಮ?” ಎಂದು ಕೇಳಿದರೆ “ಜಾಗ ಉಳಿದಿತ್ತು ಮೇಡಂ” ಎಂಬ ಉತ್ತರ ಬರುತ್ತದೆ. ಹಾಗೆ ಹೇಳುವ ಹುಡುಗಿ ದಡ್ಡಿಯಲ್ಲ. ನಕ್ಷೆಗೆ ಮೊದಲು ಇನ್ನೊಂದು ಕೆಲಸವಿದೆ, ಅದಕ್ಕೂ ನೂರೈವತ್ತು ವರ್ಷದ ಚರಿತ್ರೆಯಿದೆ ಎಂದು ಅವಳಿಗೆ ಯಾರೂ ಹೇಳಿಲ್ಲ, ಅಷ್ಟೇ.

ಆ ಕೆಲಸದ ಹೆಸರು ಪ್ರೋಗ್ರಾಮಿಂಗ್. ಜಾಗವನ್ನು ಬಳಸುವವರು ಯಾರು, ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ, ಯಾರ ಪಕ್ಕದಲ್ಲಿರಬೇಕು, ಯಾರಿಂದ ದೂರ ಇರಬೇಕು, ಜೊತೆಗೆ ಎಷ್ಟು ಸಾಮಾನು ಇರುತ್ತದೆ ಎಂಬುದನ್ನೆಲ್ಲ ಕೇಳಿ, ನೋಡಿ, ಅಳೆದು ಬರೆದಿಡುವುದು. ಆ ಬರಹವನ್ನು ಅಳತೆಗೆ ಇಳಿಸಿ ನೆಲದ ಮೇಲೆ ಕೂರಿಸುವುದು ಸ್ಪೇಸ್ ಪ್ಲಾನಿಂಗ್. ಮೊದಲನೆಯದಿಲ್ಲದೆ ಎರಡನೆಯದನ್ನು ಮಾಡಿದರೆ ಅದು ಪೀಠೋಪಕರಣ ತುಂಬುವ ಕೆಲಸವಾಗುತ್ತದೆ.

ಇದು ಕಚೇರಿಯಲ್ಲಿ ಹುಟ್ಟಿತೆಂದು ಪಠ್ಯಪುಸ್ತಕಗಳು ಬರೆಯುತ್ತವೆ. ಹುಟ್ಟಿದ್ದು ಅಡುಗೆಮನೆಯಲ್ಲಿ. ಕ್ಯಾಥರೀನ್ ಬೀಚರ್ ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಜೊತೆ 1869ರಲ್ಲಿ ಪ್ರಕಟಿಸಿದ ಗೃಹಕೃತ್ಯದ ಪುಸ್ತಕದಲ್ಲೇ ಹಿಟ್ಟಿನ ಡಬ್ಬ ಎಲ್ಲಿ, ತೊಟ್ಟಿ ಎಲ್ಲಿ, ಒಲೆ ಎಲ್ಲಿ ಎಂಬುದನ್ನು ಕೆಲಸದ ಕ್ರಮ ನೋಡಿ ನಿರ್ಧರಿಸಿದ ಅಡುಗೆಮನೆಯಿದೆ. ಫ್ರೆಡರಿಕ್ ಟೇಲರ್ ಕಾರ್ಖಾನೆಯ ದಕ್ಷತೆಯ ಬಗ್ಗೆ ಬರೆದ ಪುಸ್ತಕ ಬಂದದ್ದು 1911ರಲ್ಲಿ. ಅವರ ವಿಧಾನದಿಂದ ಕಚೇರಿಗಳಲ್ಲಿ ಮೇಜುಗಳ ಸಾಲು ಎದ್ದವು. ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ 1926ರಲ್ಲಿ ಗೃಹಿಣಿಯ ಓಡಾಟವನ್ನು ಗಡಿಯಾರ ಹಿಡಿದು ಅಳೆದು ಫ್ರಾಂಕ್‌ಫರ್ಟ್ ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್; ಸುಮಾರು 10,000 ಮನೆಗಳಿಗೆ ಅದನ್ನು ಕೂರಿಸಲಾಯಿತು. ಯಾವ ವಿಭಾಗ ಯಾವುದರ ಪಕ್ಕ ಇರಲೇಬೇಕು, ಯಾವುದು ಹತ್ತಿರ ಬರಲೇಕೂಡದು ಎಂದು ಅಕ್ಷರಗಳಲ್ಲಿ ಗುರುತಿಸುವ ಕೋಷ್ಟಕವನ್ನು ನಮ್ಮ ವಿದ್ಯಾರ್ಥಿಗಳು ಇವತ್ತಿಗೂ ತುಂಬುತ್ತಾರಲ್ಲ, ಅದು ರಿಚರ್ಡ್ ಮ್ಯೂಥರ್ 1961ರಲ್ಲಿ ಕಾರ್ಖಾನೆಗಳಿಗಾಗಿ ಕೊಟ್ಟದ್ದು.

ಒಳಾಂಗಣಕ್ಕೆ ಇದನ್ನು ವೃತ್ತಿಯಾಗಿ ತಂದವರು ಫ್ಲಾರೆನ್ಸ್ ನಾಲ್. 1940ರ ದಶಕದಲ್ಲಿ ಅವರು ಕಟ್ಟಿದ ನಾಲ್ ಪ್ಲಾನಿಂಗ್ ಯುನಿಟ್, ಕೆಲಸ ಕೈಗೆತ್ತಿಕೊಂಡ ಕಂಪನಿಯ ನೌಕರರನ್ನು ಮಾತಾಡಿಸದೆ ಮೇಜು ಇಡುತ್ತಿರಲಿಲ್ಲ. ಅವರನ್ನು ಸೋಫಾ ವಿನ್ಯಾಸಕಿ ಎಂದಷ್ಟೇ ನೆನೆಯುವುದು ಅನ್ಯಾಯ. 1950ರ ದಶಕದ ಕೊನೆಗೆ ಜರ್ಮನಿಯಲ್ಲಿ ಶ್ನೆಲ್ಲೆ ಸಹೋದರರ ಕ್ವಿಕ್‌ಬೋರ್ನರ್ ತಂಡ ಕಾಗದ ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೇಗೆ ಸಾಗುತ್ತದೆಂದು ನಕ್ಷೆ ಮಾಡಿ, ಹುದ್ದೆಯ ಗೋಡೆಗಳನ್ನು ತೆಗೆದು, ಮೇಜುಗಳನ್ನು ಆ ಹರಿವಿನಂತೆ ಹರಡಿತು. ಅದನ್ನು ನೋಡಿ ಕಲಿತವರು ಗೋಡೆ ಇಲ್ಲದಿದ್ದುದನ್ನು ಮಾತ್ರ ಕಲಿತರು; ಹರಿವನ್ನು ಗುರುತಿಸಿದ ತಿಂಗಳುಗಟ್ಟಲೆ ಕೆಲಸ ಅವರಿಗೆ ಕಾಣಲಿಲ್ಲ. ಪೀಠೋಪಕರಣ ಕಂಪನಿ ಹರ್ಮನ್ ಮಿಲ್ಲರ್‌ಗಾಗಿ ರಾಬರ್ಟ್ ಪ್ರಾಪ್‌ಸ್ಟ್ 1968ರಲ್ಲಿ ತಂದ ಎರಡನೇ ಆ್ಯಕ್ಷನ್ ಆಫೀಸ್‌ಗೂ ಅದೇ ಗತಿಯಾಯಿತು. ಬದಲಾಗುವ ಕೆಲಸಕ್ಕೆ ತಕ್ಕಂತೆ ಬದಲಾಗಲಿ ಎಂದು ಮಾಡಿದ ಬಿಡಿ ಹಲಗೆಗಳು ಕ್ಯುಬಿಕಲ್ ಆಗಿ ಗಟ್ಟಿಯಾದವು. ಪ್ರಾಪ್‌ಸ್ಟ್ ತಮ್ಮ ಕೊನೆಗಾಲದಲ್ಲಿ ಅದನ್ನು ಬಹಿರಂಗವಾಗಿಯೇ ಖಂಡಿಸಿದರು.

ಈ ಶಾಸ್ತ್ರದ ಬೆನ್ನೆಲುಬು ಎಂದು ನಾನು ಭಾವಿಸಿರುವುದು ಟೆಕ್ಸಾಸ್‌ನ ಸಿಆರ್‌ಎಸ್ ಸಂಸ್ಥೆಯನ್ನು. ಕಾಡಿಲ್, ರೌಲೆಟ್, ಸ್ಕಾಟ್ ಮತ್ತು ಅವರ ಜೊತೆಗಾರ ವಿಲಿಯಂ ಪೇನ್ಯಾ ಶುರುಮಾಡಿದ್ದು ಶಾಲಾ ಕಟ್ಟಡಗಳಿಂದ. ಒಕ್ಲಹೋಮದ ಬ್ಲಾಕ್‌ವೆಲ್ ಊರಿನ ಶಾಲೆಯ ಕೆಲಸದಲ್ಲಿ ಅಷ್ಟು ದೂರ ಮತ್ತೆ ಮತ್ತೆ ಹೋಗಿಬಂದು ಸಾಕಾಗಿ, ಡ್ರಾಯಿಂಗ್ ಬೋರ್ಡ್ ಸಮೇತ ಗಿರಾಕಿಯ ಊರಿನಲ್ಲೇ ಹೋಗಿ ಕೂತರು. ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು: ಬಳಸುವವರ ನಡುವೆ ಬಿಡಾರ ಹೂಡಿ, ಅವರ ಎದುರಿನಲ್ಲೇ ಬೇಕು-ಬೇಡಗಳನ್ನು ಬರೆದು, ಅವರ ಕೈಯಲ್ಲೇ ತಿದ್ದಿಸುವುದು. ಪೇನ್ಯಾ 1969ರಲ್ಲಿ ಇದನ್ನು ಪುಸ್ತಕವಾಗಿಸಿದರು. ಗುರಿಗಳು, ಸಂಗತಿಗಳು, ಪರಿಕಲ್ಪನೆಗಳು, ಅಗತ್ಯಗಳು, ಕೊನೆಗೆ ಸಮಸ್ಯೆಯ ಹೇಳಿಕೆ, ಹೀಗೆ ಐದು ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಬಳಕೆ, ರೂಪ, ಹಣ, ಕಾಲ ಎಂಬ ನಾಲ್ಕನ್ನು ಕೇಳಬೇಕು. ಸಮಸ್ಯೆಯನ್ನು ಹುಡುಕುವುದು ಪ್ರೋಗ್ರಾಮಿಂಗ್, ಬಿಡಿಸುವುದು ವಿನ್ಯಾಸ, ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಬಾರದು ಎಂಬುದು ಅವರ ಹಟ. ಆ ಹಟ ಸರಿಯೆಂದೇ ನನ್ನ ಅಭಿಪ್ರಾಯ.

ಅವರ ಉಪಕರಣಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಗೋಡೆಗೆ ಅಂಟಿಸುವ ಕಂದು ಕಾಗದ. ಬೇಕಾದ ಪ್ರತಿ ಕೋಣೆಗೂ ಅದರ ವಿಸ್ತೀರ್ಣಕ್ಕೆ ಸರಿಯಾದ ಅಳತೆಯ ಬಿಳಿ ಚೌಕವನ್ನು ಆ ಕಾಗದದ ಮೇಲೆ ಇಡುತ್ತಾರೆ. ಎಷ್ಟು ಕೋಣೆ, ಯಾವುದು ದೊಡ್ಡದು, ಯಾರ ವಿಭಾಗ ಎಷ್ಟು ನುಂಗಿದೆ ಎಂಬುದು ಬಾಗಿಲಲ್ಲಿ ನಿಂತವರಿಗೂ ಕಾಣುತ್ತದೆ. ದುಡ್ಡು ಸಾಲದು ಎಂದರೆ ಯಾವ ಚೌಕ ತೆಗೆಯಬೇಕೆಂದು ಎಲ್ಲರೆದುರು ನಿರ್ಧಾರವಾಗಬೇಕು. ಹಿಂದಿನ ಬಾಗಿಲಿನಿಂದ ಯಾರೂ ತಮ್ಮ ಕ್ಯಾಬಿನ್ ದೊಡ್ಡದು ಮಾಡಿಸಿಕೊಳ್ಳುವಂತಿಲ್ಲ. ಇಂದಿನ ಎಕ್ಸೆಲ್ ಶೀಟಿನಲ್ಲಿ ಅದೇ ಅಂಕಿಗಳಿರುತ್ತವೆ, ಆದರೆ ಅದನ್ನು ಓದುವವರು ಇಬ್ಬರೋ ಮೂವರೋ.

ನಮ್ಮ ದೇಶದಲ್ಲಿ ಒಳಾಂಗಣ ವಿನ್ಯಾಸಕರ ಸಂಸ್ಥೆ ಐಐಐಡಿ ಹುಟ್ಟಿದ್ದು 1972ರಲ್ಲಿ. ಅಹಮದಾಬಾದಿನ ಸೆಪ್ಟ್‌ನಲ್ಲಿ ಒಳಾಂಗಣಕ್ಕೇ ಮೀಸಲಾದ ಶಾಲೆ ಬಂದದ್ದು 1991ರಲ್ಲಿ. ಅದಕ್ಕೆ ಹಿಂದೆ ಕಚೇರಿಗಳಿಗಿದ್ದ ಪ್ರೋಗ್ರಾಂ ಎಂದರೆ ಹುದ್ದೆಗೆ ತಕ್ಕ ಕೋಣೆ ಎಂಬ ಸರ್ಕಾರಿ ಲೆಕ್ಕ. ಬೆಂಗಳೂರಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂತು, ಮುಂದಿನ ದಶಕದಲ್ಲಿ ಸಾಫ್ಟ್‌ವೇರ್ ಕಂಪನಿಗಳು ಸಾಲುಗಟ್ಟಿದವು. ನಮ್ಮ ಪೀಳಿಗೆ ಬೆಳೆದದ್ದು ಆ ಕೆಲಸಗಳಲ್ಲಿ. ಹೊರದೇಶದ ಮುಖ್ಯ ಕಚೇರಿಗಳಿಂದ ದಪ್ಪ ಕಡತ ಬರುತ್ತಿತ್ತು: ತಂಡವಾರು ಜನಸಂಖ್ಯೆ, ಮೂರು ವರ್ಷದ ಬೆಳವಣಿಗೆ, ಸರ್ವರ್ ಕೋಣೆಯ ಶಾಖ, ಯಾವ ತಂಡ ಯಾವುದರ ಪಕ್ಕ. ಹಗಲು ಆ ಕಡತ ಓದಿ ರಾತ್ರಿ ಪ್ಲಾನ್ ಎಳೆಯುತ್ತಿದ್ದೆವು. ನೂರು ಜನಕ್ಕೆ ಎಷ್ಟು ಮೀಟಿಂಗ್ ರೂಂ ಬೇಕೆಂದು ಊಹಿಸದೆ, ಹಳೆಯ ಕಚೇರಿಯ ಬುಕಿಂಗ್ ಪುಸ್ತಕ ತರಿಸಿ ಎಣಿಸಲು ಕಲಿತದ್ದು ಆಗ. ಆ ಶಿಸ್ತು ಅಮೂಲ್ಯವಾದದ್ದು, ಅದನ್ನು ಕಂಪನಿ ಕೂಲಿ ಎಂದು ಹಗುರಮಾಡುವವರ ಮಾತನ್ನು ನಾನು ಒಪ್ಪುವುದಿಲ್ಲ.

ಜಾಗದ ಗಣಿತವನ್ನೂ ಅಲ್ಲೇ ಕಲಿತೆವು. ಬಾಡಿಗೆ ಕರಾರಿನಲ್ಲಿ 10,000 ಚದರಡಿ ಸೂಪರ್ ಬಿಲ್ಟ್-ಅಪ್ ಎಂದಿದೆ ಎಂದುಕೊಳ್ಳಿ. ಲಾಬಿ, ಲಿಫ್ಟು, ಮೆಟ್ಟಿಲು, ಡಕ್ಟುಗಳ ಪಾಲು ಕಳೆದು ಕಾರ್ಪೆಟ್ 7,000 ಉಳಿಯಿತು. ಅದರಲ್ಲಿ ಮೂರನೇ ಒಂದು ಪಾಲು ಓಡಾಟಕ್ಕೆ ಬಿಟ್ಟರೆ ಮೇಜು, ಕೋಣೆ, ಪ್ಯಾಂಟ್ರಿ, ಸ್ಟೋರು ಎಲ್ಲಕ್ಕೂ ಸೇರಿ ಸಿಗುವುದು ಸುಮಾರು 4,700. ಈ ಲೆಕ್ಕವನ್ನು ಕರಾರಿಗೆ ಸಹಿ ಹಾಕುವ ಮುಂಚೆ ಮಾಡಿಕೊಡುವುದು ಪ್ರೋಗ್ರಾಮಿಂಗ್‌ನ ಭಾಗ. ನಮ್ಮಲ್ಲಿ ವಿನ್ಯಾಸಕರನ್ನು ಕರೆಯುವುದು ಸಹಿ ಬಿದ್ದ ಮೇಲೆ. ಇನ್ನು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಕಚೇರಿಗಳಿಗೆ ತಲೆಗೆ 10 ಚದರ ಮೀಟರ್‌ನಂತೆ ಜನ ಲೆಕ್ಕಹಾಕಿ, ಬೆಂಕಿ ಬಿದ್ದಾಗ ಹೊರಹೋಗುವ ದಾರಿಯ ಅಗಲ ನಿರ್ಧರಿಸುತ್ತದೆ. ಅದಕ್ಕಿಂತ ಒತ್ತೊತ್ತಾಗಿ ಜನರನ್ನು ಕೂರಿಸಿದಾಗ ಮೆಟ್ಟಿಲಿನ ಅಗಲವೇನೂ ತಾನಾಗಿ ಹೆಚ್ಚುವುದಿಲ್ಲ.

2000ದ ನಂತರ ಈ ಗಣಿತ ಮಾತ್ರ ಉಳಿದು, ಕೇಳುವ ಕೆಲಸ ಹಿಂದೆ ಸರಿಯಿತು. ತಲೆಗೆ ಎಷ್ಟು ಚದರಡಿ ಎಂಬ ಒಂದೇ ಅಂಕಿ ಇಡೀ ಕಡತದ ಜಾಗಕ್ಕೆ ಬಂತು. ಕೇಳುವುದರಿಂದ ಏನು ಸಿಗುತ್ತದೆಂದು ತೋರಿಸಲು ಒಂದು ಸಣ್ಣ ಕೆಲಸವನ್ನೇ ಹೇಳುತ್ತೇನೆ. ಜಿಲ್ಲಾ ಕೇಂದ್ರವೊಂದರ ಸಹಕಾರಿ ಬ್ಯಾಂಕಿನ ಶಾಖೆ. ಮ್ಯಾನೇಜರು ಕೊಟ್ಟ ಪಟ್ಟಿಯಲ್ಲಿ ಕೌಂಟರುಗಳು, ಕ್ಯಾಬಿನ್, ಸ್ಟ್ರಾಂಗ್ ರೂಂ, ರೆಕಾರ್ಡ್ ರೂಂ ಎಲ್ಲ ಇದ್ದವು. ಹಳೆಯ ಶಾಖೆಯ ಬೆಂಚಿನ ಮೇಲೆ ಬೆಳಗಿನಿಂದ ಕೂತು ಬಂದುಹೋಗುವವರನ್ನು ಗುರುತು ಹಾಕುತ್ತಿದ್ದೆ. ಮೂಲೆಯಲ್ಲಿ ಇಬ್ಬರು ಹೆಂಗಸರು ಬಹಳ ಹೊತ್ತಿನಿಂದ ಸುಮ್ಮನೆ ನಿಂತಿದ್ದರು. ಅಟೆಂಡರ್ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಚಿನ್ನ ಅಡ ಇಡೋರು ಮೇಡಂ. ಜನ ಖಾಲಿ ಆಗೋವರ್ಗೂ ಮುಂದೆ ಬರಲ್ಲ. ಊರೋರು ನೋಡ್ತಾರಲ್ಲ.” ಅಪ್ರೈಸರ್ ತಕ್ಕಡಿ ಇಟ್ಟುಕೊಂಡು ಕೂತಿದ್ದದ್ದು ಕ್ಯಾಷ್ ಕೌಂಟರಿನ ಪಕ್ಕ, ಸಾಲಿನಲ್ಲಿ ನಿಂತ ಎಲ್ಲರ ಕಣ್ಣೆದುರು. ಶಾಖೆಯ ಸಾಲಗಳಲ್ಲಿ ಚಿನ್ನದ್ದೇ ದೊಡ್ಡ ಪಾಲು, ಆದರೂ ಪಟ್ಟಿಯಲ್ಲಿ ಆ ಕೆಲಸಕ್ಕೊಂದು ಸಾಲು ಇರಲಿಲ್ಲ. ಹೊಸ ಶಾಖೆಯಲ್ಲಿ ಸ್ಟ್ರಾಂಗ್ ರೂಮಿಗೆ ಅಂಟಿದಂತೆ ಚಿಕ್ಕ ಕೋಣೆ ಮಾಡಿ, ಬಾಗಿಲನ್ನು ಸಾಲಿಗೆ ಬೆನ್ನಾಗುವಂತೆ ತಿರುಗಿಸಿದೆವು. ಆ ಕೋಣೆ ಬಂದದ್ದು ಅಟೆಂಡರನ ಒಂದು ಮಾತಿನಿಂದ. ಯಾವ ಪ್ರಶ್ನಾವಳಿಯಲ್ಲೂ ಅದು ಸಿಗುತ್ತಿರಲಿಲ್ಲ.

ಕರ್ನಾಟಕದಲ್ಲಿ ಈ ಬಗೆಯ ಯೋಚನೆಯ ದೊಡ್ಡ ನಿದರ್ಶನ ವಿನ್ಯಾಸಕರಿಂದ ಬಂದದ್ದಲ್ಲ. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ತಾಲೂಕು ಕಚೇರಿಯ ಕೌಂಟರಿಗೆ ರೈತನ ಕಡೆಗೆ ಮುಖಮಾಡಿದ ಎರಡನೇ ಪರದೆ ಇಟ್ಟರು. ತನ್ನ ಹೊಲದ ದಾಖಲೆಯಲ್ಲಿ ಏನು ನಡೆಯುತ್ತಿದೆ ಎಂಬುದು ರೈತನ ಕಣ್ಣಿಗೂ ಬಿತ್ತು. ಕಿಟಕಿಯ ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ, ಹೊರಗಿನವನ ಅನುಮಾನ ಏನು ಎಂದು ಕೇಳಿಕೊಂಡವರಿಗೆ ಮಾತ್ರ ಹೊಳೆಯುವ ವ್ಯವಸ್ಥೆ ಅದು. ನಮ್ಮ ಕಾಲೇಜುಗಳ ಪಾಠದಲ್ಲಿ ಅದಕ್ಕೆ ಜಾಗ ಸಿಗಬೇಕಿತ್ತು.

ಮನೆಗಳ ವಿಷಯಕ್ಕೆ ಬಂದರೆ ಕೊರತೆ ಇನ್ನೂ ದೊಡ್ಡದು. ಒಲೆ, ಸಿಂಕು, ಫ್ರಿಜ್ಜು ಎಂಬ ತ್ರಿಕೋನ ಅಮೆರಿಕದ ಅಡುಗೆಗಾಗಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ರೂಪುಗೊಂಡದ್ದು. ನಮ್ಮ ಮಾಡ್ಯುಲರ್ ಕಿಚನ್ ಅದನ್ನು ಹಾಗೇ ತಂದಿತು. ದೋಸೆ ಹಿಟ್ಟಿನ ಗ್ರೈಂಡರನ್ನು ಯಾರು ಎತ್ತಿಡುತ್ತಾರೆ, ಮುಸುರೆ ಪಾತ್ರೆ ಎಲ್ಲಿ ರಾಶಿ ಬೀಳುತ್ತದೆ, ಪಾತ್ರೆ ತೊಳೆಯಲು ಬರುವವಳು ಎಲ್ಲಿ ನಿಲ್ಲುತ್ತಾಳೆ, ನೀರು ಬಿಡುವ ದಿನ ಡ್ರಮ್ಮು ಎಲ್ಲಿರುತ್ತದೆ, ಈಳಿಗೆ ಮಣೆ ಹಿಡಿದು ಕೂರುವ ಅಜ್ಜಿಗೆ ನೆಲವುಂಟೇ ಎಂದು ಕೇಳುವವರು ಕಡಿಮೆ. ಕಟ್ಟೆಯ ಎತ್ತರ ಕೂಡ ಕ್ಯಾಟಲಾಗಿನದು, ನಿಂತು ಅಡುಗೆ ಮಾಡುವವಳ ಮೊಣಕೈಯದಲ್ಲ. ಭಾರತೀಯರ ದೇಹದ ಅಳತೆಗಳನ್ನು ಸಂಗ್ರಹಿಸಿ ದೇಬ್‌ಕುಮಾರ್ ಚಕ್ರವರ್ತಿ ಸಿದ್ಧಪಡಿಸಿದ ಗ್ರಂಥವನ್ನು ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿ 1997ರಲ್ಲೇ ಪ್ರಕಟಿಸಿದೆ. ಅದು ಗ್ರಂಥಾಲಯಗಳಲ್ಲಿದೆ, ಡ್ರಾಯಿಂಗ್ ಟೇಬಲ್ಲುಗಳ ಮೇಲಿಲ್ಲ. ವಾಸ್ತುವಿನ ವಿಷಯದಲ್ಲೂ ಅಷ್ಟೇ. ಗಿರಾಕಿಗೆ ಅದು ಬೇಕೆಂದರೆ ಮೊದಲ ದಿನವೇ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಅದನ್ನು ತಾತ್ಸಾರ ಮಾಡಿ, ಪ್ಲಾನ್ ಮುಗಿದ ಮೇಲೆ ಒಲೆಯ ದಿಕ್ಕು ತಿರುಗಿಸುವ ವಿನ್ಯಾಸಕರು ಎರಡೂ ಕಡೆ ಕೆಡಿಸುತ್ತಾರೆ.

ಈಗ ಕಂಪ್ಯೂಟರೇ ಪ್ಲಾನ್ ಹಾಕುತ್ತದೆ, ಕೇಳುವ ತಾಪತ್ರಯ ಯಾಕೆ ಎನ್ನುವ ಮಾತು ಕೇಳಿಬರುತ್ತಿದೆ. ಟೊರಾಂಟೊದಲ್ಲಿ ಸಾಫ್ಟ್‌ವೇರ್ ಕಂಪನಿ ಆಟೋಡೆಸ್ಕ್ ತನ್ನ ಕಚೇರಿಯನ್ನು ಹೀಗೆ ರೂಪಿಸಿ 2017ರಲ್ಲಿ ತೆರೆದಾಗ ಯಂತ್ರ ಸಾವಿರಾರು ವಿನ್ಯಾಸಗಳನ್ನು ಕೊಟ್ಟಿತ್ತು. ಅದಕ್ಕೆ ಮೊದಲು ನೌಕರರಲ್ಲಿ ಯಾರು ಹೇಗೆ ಕೆಲಸ ಮಾಡುತ್ತೀರಿ, ಎಲ್ಲಿ ಕೂರಲು ಇಷ್ಟ ಎಂದು ಕೇಳಿ ಉತ್ತರಗಳನ್ನು ಯಂತ್ರಕ್ಕೆ ಉಣಿಸಿದ್ದರು. ಇಲ್ಲಿ ಆ ಸಾಫ್ಟ್‌ವೇರನ್ನು ಹೊಗಳುವವರು ಆ ಭಾಗವನ್ನು ಬಿಟ್ಟೇ ಹೇಳುತ್ತಾರೆ. ಕೇಳದೆ ನಂಬಿದ್ದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು ಬರ್ನ್‌ಸ್ಟೈನ್ ಮತ್ತು ಟರ್ಬನ್ ಎಂಬ ಸಂಶೋಧಕರು 2018ರಲ್ಲಿ ತೋರಿಸಿದರು: ಗೋಡೆ ತೆಗೆದು ತೆರೆದ ಕಚೇರಿ ಮಾಡಿದ ಕಂಪನಿಗಳಲ್ಲಿ ಮುಖಾಮುಖಿ ಮಾತು ಸುಮಾರು 70 ಪ್ರತಿಶತ ಇಳಿದು, ಜನ ಇಮೇಲ್, ಚಾಟ್‌ಗಳಿಗೆ ಹೊರಳಿದ್ದರು.

ಬಳಕೆಗೆ ಬಂದ ಮೇಲೆ ಹೋಗಿ ನೋಡುವ ಪದ್ಧತಿಯೂ ನಮ್ಮಲ್ಲಿ ಬೆಳೆಯಲಿಲ್ಲ. ವೋಲ್ಫ್‌ಗ್ಯಾಂಗ್ ಪ್ರೈಸರ್ ಮತ್ತು ಸಂಗಡಿಗರು 1988ರಲ್ಲೇ ಅದಕ್ಕೆ ಕ್ರಮ ಹಾಕಿಕೊಟ್ಟಿದ್ದರು. ಇಲ್ಲಿ ಕೀಲಿ ಕೊಟ್ಟು ಫೋಟೋ ತೆಗೆದರೆ ಕೆಲಸ ಮುಗಿಯಿತು, ಮುಂದಿನ ಪ್ರೋಗ್ರಾಮಿಗೆ ಹಿಂದಿನ ಕಟ್ಟಡದಿಂದ ಒಂದು ಸಾಲೂ ಬರುವುದಿಲ್ಲ. ನಮ್ಮ ಶುಲ್ಕಪಟ್ಟಿಗಳಲ್ಲಿ ಕೇಳುವುದಕ್ಕೂ ಮತ್ತೆ ಹೋಗಿ ನೋಡುವುದಕ್ಕೂ ಸಾಮಾನ್ಯವಾಗಿ ಬೇರೆ ಸಾಲೇ ಇರುವುದಿಲ್ಲ, ಹಣ ಇಲ್ಲದ ಕೆಲಸವನ್ನು ಎಳೆಯ ವಿನ್ಯಾಸಕರು ಎಲ್ಲಿಂದ ಮಾಡಿಯಾರು? ಮೊದಲು ಬದಲಾಗಬೇಕೆಂದು ನಾನು ಹೇಳುವುದು ಆ ಶುಲ್ಕಪಟ್ಟಿ.

ಕೇರಳದ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತೇ ಇರಬೇಕಾದದ್ದರ ವಿರುದ್ಧ ಹೋರಾಡಿದರು. ಕೋಳಿಕ್ಕೋಡ್‌ನ ‘ಪೆಣ್‌ಕೂಟ್ಟ್’ ಸಂಘಟನೆ ಅದರ ಮುಂಚೂಣಿಯಲ್ಲಿತ್ತು. 2018ರಲ್ಲಿ ಅಲ್ಲಿ, 2021ರಲ್ಲಿ ತಮಿಳುನಾಡಿನಲ್ಲಿ, ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದುಪಡಿಯಾಯಿತು. ಆ ಅಂಗಡಿಗಳ ಒಳಾಂಗಣವನ್ನೂ ಯಾರೋ ಪ್ಲಾನ್ ಮಾಡಿದ್ದರು. ಕೌಂಟರಿನ ಹಿಂದೆ ಸ್ಟೂಲ್ ಇಟ್ಟು, ಕೂತವಳ ಹಿಂದಿನಿಂದ ಇನ್ನೊಬ್ಬಳು ಸೀರೆ ತೆಗೆದುಕೊಂಡು ದಾಟಬೇಕಾದರೆ ಮತ್ತೊಂದೆರಡು ಅಡಿ ಆಳ ಬೇಕು, ಅಷ್ಟನ್ನು ಗಿರಾಕಿಗಳ ಓಡಾಟದಿಂದಲೋ ಶೋಕೇಸಿನಿಂದಲೋ ಕಡಿಯಬೇಕು. ಕೌಂಟರಿನ ಹಿಂದಿನವರನ್ನು ಮೊದಲ ವಾರವೇ ಮಾತಾಡಿಸಿದ್ದರೆ ಆ ಆಳ ಪಟ್ಟಿಯಲ್ಲಿರುತ್ತಿತ್ತು. ಬೆಂಗಳೂರಿನಲ್ಲಿ ಈಗ ಕಟ್ಟುತ್ತಿರುವ ಸೀರೆ ಅಂಗಡಿಗಳ ನಕ್ಷೆಗಳಿಗೆ ಅದನ್ನು ಸೇರಿಸಲು ಇನ್ನೊಂದು ಕಾನೂನು ಬರುವವರೆಗೆ ಕಾಯಬೇಕಿಲ್ಲ.