ಮೂರು ನುಡಿಯ ಗಡಿಯಲ್ಲಿ ಕಾಯಂ ಗಿರಾಕಿ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸೀಮೆ ಒಂದೇ ಭಾಷೆಯಲ್ಲಿ ವ್ಯಾಪಾರ ಮಾಡಿದ್ದೇ ಇಲ್ಲ. ಗುಂಡ್ಲುಪೇಟೆಯಲ್ಲಿ ಹೆದ್ದಾರಿ ಕವಲೊಡೆದು ಒಂದು ಬಂಡೀಪುರದ ಕಾಡು ಹಾದು ಊಟಿಗೆ, ಇನ್ನೊಂದು ಸುಲ್ತಾನ್ ಬತ್ತೇರಿ ದಾಟಿ ಕೋಳಿಕ್ಕೋಡಿಗೆ ಹೋಗುತ್ತದೆ. ತಪ್ಪಲಿನ ತರಕಾರಿ, ಓಣಂ ಹೊತ್ತಿನ ಚೆಂಡು ಹೂವು ಕೇರಳದ ಲಾರಿ ಹತ್ತುತ್ತವೆ. ಇಂಥ ಕಡೆ ಗಿರಾಕಿ ಮತ್ತೆ ಮತ್ತೆ ಬರಬೇಕಾದರೆ ಕರೆಯುವ ಮಾತಷ್ಟೇ ಅಲ್ಲ, ಲೆಕ್ಕವೂ ಕರಾರೂ ಅವನಿಗೆ ತಿಳಿಯುವ ನುಡಿಯಲ್ಲಿರಬೇಕು. ಈ ತಿಳಿವಳಿಕೆ ಇಲ್ಲಿ ಬಹಳ ಹಳೆಯದು. ಆನ್‌ಲೈನ್ ಮಳಿಗೆಗಳ ರಿವಾರ್ಡ್ ಪಾಯಿಂಟ್ ಯೋಜನೆಗಳು ಅದನ್ನು ಮರೆಯುತ್ತಿವೆ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಶಾಸನಗಳದ್ದು. ತಲಕಾಡಿನ ಗಂಗರ ತಾಮ್ರಪಟಗಳಲ್ಲಿ ವಂಶದ ಹೊಗಳಿಕೆ ಸಂಸ್ಕೃತದಲ್ಲಿರುತ್ತದೆ. ದಾನದ ಭೂಮಿಯ ಎಲ್ಲೆ ಹೇಳುವಾಗ ಎಷ್ಟೋ ಕಡೆ ಬರಹ ಕನ್ನಡಕ್ಕೆ ತಿರುಗುತ್ತದೆ. ಹೊಗಳಿಕೆ ಯಾರಿಗೂ ಅರ್ಥವಾಗದಿದ್ದರೂ ನಡೆಯುತ್ತದೆ, ಎಲ್ಲೆ ತಪ್ಪಿದರೆ ಜಗಳ. ಹನ್ನೊಂದನೆಯ ಶತಮಾನದ ಚೋಳರ ಆಳ್ವಿಕೆಯ ಕಾಲದಿಂದ ಈ ದಕ್ಷಿಣ ಸೀಮೆಯಲ್ಲಿ ಕನ್ನಡದ ಜೊತೆ ತಮಿಳು ಶಾಸನಗಳೂ ಸಿಗುತ್ತವೆ. ಅಯ್ಯಾವೊಳೆ ಐನೂರ್ವರ ವರ್ತಕ ಸಂಘವಂತೂ ಕನ್ನಡ ನಾಡಿನಲ್ಲಿ ಕನ್ನಡದಲ್ಲಿ, ತಮಿಳು ನಾಡಿನಲ್ಲಿ ತಮಿಳಿನಲ್ಲಿ ಬರೆಸಿತು. 1088ರಲ್ಲಿ ಸುಮಾತ್ರದ ಬಾರುಸ್‌ನಲ್ಲೂ ಅದರ ತಮಿಳು ಶಾಸನ ನಿಂತಿತು. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು ಬಂತು. ಅರಿಕುಠಾರಕ್ಕೆ ತಂದೆಯ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟ ದೊರೆ ಇವರೇ. ಆ ಕಾಸಿನ ಮೇಲೆ ಕನ್ನಡ, ಪರ್ಷಿಯನ್, ಇಂಗ್ಲಿಷ್ ಮೂರೂ ಇವೆ, ಬೆಲೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚೊತ್ತಲಾಗಿದೆ. ಪಕ್ಕದ ಕೊಳ್ಳೇಗಾಲವೋ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು: ಮನೆಮಾತು ಕನ್ನಡ, ಜಿಲ್ಲಾ ಕೇಂದ್ರ ತಮಿಳಿನ ಊರು.

ಆನ್‌ಲೈನ್ ವ್ಯಾಪಾರಕ್ಕೆ ಕನ್ನಡ ತಡವಾಗಿ ಬಂತು. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲಿ ಕನ್ನಡ ತಂದವು. ಸಣ್ಣ ಮಳಿಗೆಗಳು ಸಿದ್ಧ ತಂತ್ರಾಂಶ ಕೊಂಡು ಪಾಯಿಂಟ್ ಯೋಜನೆ ನಡೆಸುವಾಗ ತೊಡಕು ಬೇರೆ ಕಡೆ ಇರುತ್ತದೆ. ಪರದೆಯ ಬಟನ್, ಸದಸ್ಯರ ದರ್ಜೆಯ ಹೆಸರು, ಇಮೇಲ್, ಎಸ್ಸೆಮ್ಮೆಸ್, ಅವಧಿ ಮುಗಿಯುವ ಸೂಚನೆ ಇವೆಲ್ಲ ಬೇರೆ ಬೇರೆ ಬರಹಗಳು. ಬಟನ್ ಕನ್ನಡವಾದ ಮಾತ್ರಕ್ಕೆ ಇಮೇಲ್ ಕನ್ನಡವಾಗುವುದಿಲ್ಲ. ಗಿರಾಕಿ ಆರಿಸಿದ ಭಾಷೆಯನ್ನು ಅವನ ಖಾತೆಯಲ್ಲೇ ದಾಖಲಿಸದಿದ್ದರೆ, ಸ್ವಾಗತ ಕನ್ನಡದಲ್ಲಿ ಬಂದು ಪಾಯಿಂಟ್ ರದ್ದಾಗುವ ಸುದ್ದಿ ಇಂಗ್ಲಿಷಿನಲ್ಲಿ ಬರುತ್ತದೆ. ಗಂಗರ ಬರಹಗಾರರ ಕ್ರಮ ಇಲ್ಲಿ ತಲೆಕೆಳಗಾಗಿದೆ.

ಗಡಿಯ ಜನಕ್ಕೆ ಮೂರು ಭಾಷೆ ಬರುತ್ತದಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಬರುವುದು ಮಾತು. ಸಂತೆಯಲ್ಲಿ ಅರ್ಥವಾಗದಿದ್ದರೆ ಮತ್ತೆ ಕೇಳಬಹುದು, ಬೆರಳೆಣಿಸಿ ತೋರಿಸಬಹುದು. ಪರದೆಯ ಮುಂದೆ ಅದು ಆಗದು, ಬರಹವೇ ಎಲ್ಲ ಭಾರ ಹೊರಬೇಕು. ಹಲವು ನುಡಿ ತಂದರೆ ಕನ್ನಡ ಹಿಂದೆ ಸರಿಯುತ್ತದೆ ಎಂಬ ಆತಂಕ ಇದಕ್ಕಿಂತ ಗಂಭೀರವಾದದ್ದು, ಗಡಿನಾಡಿನಲ್ಲಿ ಅದಕ್ಕೆ ಕಾರಣವೂ ಇದೆ. ಆದರೆ ಪಾಯಿಂಟ್ ಯೋಜನೆಯಲ್ಲಿ ಕನ್ನಡದ ಜಾಗ ಹಿಡಿದಿರುವುದು ತಮಿಳೂ ಅಲ್ಲ, ಮಲಯಾಳವೂ ಅಲ್ಲ. ಕರ್ನಾಟಕದ ಕನ್ನಡ ಭಾಷಾ ಕಾಯ್ದೆಗೆ ಬಂದ 2024ರ ತಿದ್ದುಪಡಿ ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದಿತು. ಕರ್ನಾಟಕದ ಮಳಿಗೆ ತನ್ನ ಷರತ್ತಿನ ಪುಟವನ್ನೂ ಮೊದಲು ಕನ್ನಡದಲ್ಲೇ ಬರೆಸಿ, ಆಮೇಲೆ ವಯನಾಡಿನ ಗಿರಾಕಿಗೆ ಮಲಯಾಳದಲ್ಲಿ, ತಮಿಳುನಾಡಿಗೆ ಸೇರಿದ ತಾಳವಾಡಿಯವನಿಗೆ ಅವನು ಕೇಳಿದ ಭಾಷೆಯಲ್ಲಿ ಕೊಟ್ಟರೆ ಕನ್ನಡ ಕಳೆದುಕೊಳ್ಳುವುದು ಏನೂ ಇಲ್ಲ.